ಮೈಕ್ರೋಫೋನಿನ ಮುಂದೆ ಮೊದಲ ಮಾತು

ಶಿವಮೊಗ್ಗೆಯಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರು. ಇಲ್ಲಿ ಆಡಿದ ಮಾತು ಗಾಳಿಯಲ್ಲಿಯೇ ಅಷ್ಟು ದೂರ ಸಾಗಬಲ್ಲುದಾಗಿದ್ದರೆ ಅದಕ್ಕೆ ಒಂದು ನಿಮಿಷ ಹಿಡಿಯುತ್ತಿತ್ತು. ರೇಡಿಯೋ ತರಂಗವಾದರೋ ಸೆಕೆಂಡಿನ ಹದಿನೈದು ಸಾವಿರದಲ್ಲೊಂದು ಪಾಲಿನಲ್ಲಿ ಆ ದೂರವನ್ನು ದಾಟುತ್ತದೆ. 1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರ ಆರಂಭವಾದಂದಿನಿಂದ ಮಲೆನಾಡಿನ ಎಷ್ಟೋ ಮನೆಗಳಿಗೆ ಅಪರಿಚಿತರ ಕಂಠಗಳು ಹೀಗೆಯೇ ಬಂದು ಪರಿಚಿತವಾದವು. ಅಂಥದೊಂದು ಕಂಠ ತಮ್ಮದಾಗಬೇಕೆಂದು ಬಯಸುವ ತರುಣರು ನಮ್ಮ ತರಗತಿಗಳಲ್ಲಿ ಈಗಲೂ ಇದ್ದಾರೆ.

ಕಳೆದ ವರ್ಷ ಅಂಥ ವಿದ್ಯಾರ್ಥಿನಿಯೊಬ್ಬಳು ತನ್ನ ಓದನ್ನು ಮೊಬೈಲಿನಲ್ಲಿ ಮುದ್ರಿಸಿ ಒಂದೆಡೆಗೆ ಕಳುಹಿಸಿದ್ದಳು. ಧ್ವನಿ ಚೆನ್ನಾಗಿಲ್ಲವೆಂದು ಒಂದೇ ಸಾಲಿನ ಉತ್ತರ ಬಂದಿತು. ಅವಳು ಅದನ್ನು ನಂಬಿ, ಆಸೆಯನ್ನೇ ಬಿಡುವುದರಲ್ಲಿದ್ದಳು. ನಾವು ಆ ಮುದ್ರಣವನ್ನು ತರಿಸಿಕೊಂಡು ಕೇಳಿದೆವು. ಕೆಟ್ಟಿದ್ದುದು ಕಂಠವಲ್ಲ, ಕೋಣೆ!

ಗಾರೆಯ ಗೋಡೆ, ಸಿಮೆಂಟಿನ ನೆಲ, ಖಾಲಿ ಮೂಲೆಗಳು. ಇವು ಧ್ವನಿಯನ್ನು ಹೀರುವುದಿಲ್ಲ, ಹಿಂದಕ್ಕೆಸೆಯುತ್ತವೆ. ಒಂದು ಅಕ್ಷರದ ಅನುರಣನವು ಆರುವ ಮೊದಲೇ ಮುಂದಿನ ಅಕ್ಷರವು ಬಂದು ಅದರ ಮೇಲೆ ಬೀಳುತ್ತದೆ. ಮೈಕ್ರೋಫೋನಿನಿಂದ ಬಾಯಿಗಿರುವ ದೂರವನ್ನು ಅರ್ಧಕ್ಕಿಳಿಸಿದರೆ ನೇರವಾಗಿ ಬರುವ ಧ್ವನಿಯ ತೀವ್ರತೆ ನಾಲ್ಮಡಿಯಾಗುತ್ತದೆ. ಗೋಡೆಗಳಿಂದ ಮರಳುವ ಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆದುದರಿಂದ ಒಂದು ಗೇಣಿನಷ್ಟು ಸಮೀಪದಿಂದ ಮಾತನಾಡುವುದು ಲೇಸು. ಆದರೆ ಅಂಗೈಯನ್ನು ತುಟಿಗಳೆದುರು ಹಿಡಿದು 'ಪ' ಎಂದು ನೋಡಿರಿ: ಗಾಳಿ ತಟ್ಟುತ್ತದೆ. 'ಫ' ಎಂದರೆ ಇನ್ನೂ ಬಲವಾಗಿ. ಈ ಗಾಳಿಯು ಉಪಕರಣದ ತೆಳುಪೊರೆಗೆ ಬಡಿದರೆ 'ಧಬ್' ಎಂಬ ಸದ್ದು. ಮೈಕ್ರೋಫೋನನ್ನು ತುಸು ಪಕ್ಕಕ್ಕೆ ಸರಿಸಿದರೆ ಮಾತು ತಲಪುತ್ತದೆ, ಗಾಳಿ ತಪ್ಪಿಹೋಗುತ್ತದೆ.

ಗೋಡೆಗೆರಡು ಕಂಬಳಿ ಇಳಿಬಿಟ್ಟು, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಫ್ಯಾನು ನಿಲ್ಲಿಸಿ, ಅದೇ ಪುಟವನ್ನು ಅವಳಿಂದ ಮತ್ತೆ ಓದಿಸಿದೆವು. ಕೋಣೆಯ ಗೌಜು ಹೋಯಿತು. ಆಗ ಅವಳದೇ ಆದ ನಿಜವಾದ ದೋಷವೊಂದು ಹೊರಬಿದ್ದಿತು: 'ಹಾಸನ'ವು 'ಆಸನ'ವಾಗಿತ್ತು, 'ಹಕ್ಕಿ'ಯು 'ಅಕ್ಕಿ'ಯಾಗಿತ್ತು. ಪದದ ಮೊದಲಿನ 'ಹ'ಕಾರವೆಂದರೆ ಕೊರಳಿನ ತಂತುಗಳು ಮಿಡಿಯುವ ಮೊದಲೇ ಅವುಗಳ ನಡುವೆ ಹಾಯುವ ಉಸಿರು. ಬಲು ಕ್ಷೀಣವಾದ ಧ್ವನಿ. ಎದುರಿಗೆ ಕುಳಿತವರು ಸಂದರ್ಭದಿಂದ ಊಹಿಸಿಕೊಂಡಾರು, ಕಾಣದೆ ಕೇಳುವವನಿಗೆ ಆ ಅನುಕೂಲವಿಲ್ಲ. ಇದಕ್ಕೆ ಕಂಬಳಿಯ ಮದ್ದೂ ಇಲ್ಲ. ದಿನಕ್ಕೊಂದು ಪುಟ ಓದಿ, ಮುದ್ರಿಸಿ, ತಾನೇ ಕೇಳಬೇಕು. ಮೊದಲ ಸಲ ತನ್ನ ಧ್ವನಿ ಯಾರಿಗೂ ಹಿಡಿಸದು. ತಲೆಬುರುಡೆಯ ಮೂಲಕ ಒಳಗಿವಿಗೆ ಸೇರುತ್ತಿದ್ದ ಮಂದ್ರಾಂಶ ಮುದ್ರಣದಲ್ಲಿ ಇರುವುದಿಲ್ಲ.

ಗಡಸು ಕಂಠವೇ ಬೇಕೆಂಬ ಭ್ರಮೆಯೂ ಬೇಡ. ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಸಲ ಕಂಪಿಸುತ್ತವೆ. ಹಳೆಯ ದೂರವಾಣಿಯು 300ಕ್ಕಿಂತ ಕೆಳಗಿನ ಆವೃತ್ತಿಗಳನ್ನು ಸಾಗಿಸುತ್ತಲೇ ಇರಲಿಲ್ಲ. ಆದರೂ ಮೇಲಿನ ಗುಣಕಾವೃತ್ತಿಗಳಿಂದ ಕಿವಿಯು ಆ ಸ್ಥಾಯಿಯನ್ನು ಕಟ್ಟಿಕೊಳ್ಳುತ್ತಿತ್ತು. ಅರ್ಥವನ್ನು ಹೊರುವ ವ್ಯಂಜನಗಳ ಸ್ಪಷ್ಟತೆ ಎಷ್ಟೋ ಮಿಗಿಲು.

ದೊಡ್ಡ ಸಲಕರಣೆಗಾಗಿ ಕಾಯಬೇಕಾಗಿಲ್ಲ. 1935ರಲ್ಲಿ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರೇಷಕದಿಂದ ಪ್ರಸಾರ ತೊಡಗಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದು. ಇಂದು ರೇಡಿಯೋ ಅಲ್ಲದೆ ಬೇರೆ ದಾರಿಗಳೂ ಉಂಟು. ಡಬ್ಬಿಂಗಿಗೆ ಕನ್ನಡದಲ್ಲಿ ದಶಕಗಳ ಕಾಲ ಇದ್ದ ತಡೆಯು 2015ರ ಸ್ಪರ್ಧಾ ಆಯೋಗದ ಆದೇಶದ ಬಳಿಕ ಸಡಿಲವಾಯಿತು. ಧ್ವನಿಪುಸ್ತಕಗಳಿವೆ, ಪಾಠಗಳಿವೆ. ಅವಕಾಶ ಕೊಡಿಸುವುದಾಗಿ ಮೊದಲೇ ಹಣ ಕೇಳುವವರನ್ನು ಮಾತ್ರ ದೂರವಿಡುವುದು ಕ್ಷೇಮ.

ನಮ್ಮ ವಿದ್ಯಾರ್ಥಿನಿಗೆ 'ಹ'ಕಾರ ಈಗ ಒಲಿದಿದೆ. ಮಳೆಗಾಲದಲ್ಲಿ ಹೆಂಚಿನ ಸದ್ದೇ ಅವಳಿಗೆ ಶತ್ರು. ಬೆಳಗಿನ ನಾಲ್ಕಕ್ಕೆದ್ದು, ಕಂಬಳಿ ಕಟ್ಟಿ, ಹೊಳವಾಗುವುದನ್ನೇ ಕಾದು ಕುಳಿತಿರುತ್ತಾಳಂತೆ.