ಗಾಲಿ ಹಿಗ್ಗಿದರೆ ಗಾಳಿ ಕುಗ್ಗುತ್ತದೆ

ಕಾರಿನ ಟೈರಿನ ಪಕ್ಕೆಯ ಮೇಲೆ 185/65 R15 ಎಂಬಂಥ ಒಂದು ಬರಹ ಇರುತ್ತದೆ. ಕಾರು ಕೊಂಡ ದಿನದಿಂದ ಮಾರುವ ದಿನದವರೆಗೂ ಅದನ್ನು ಓದದವರೇ ಹೆಚ್ಚು. ಟೈರು ಬದಲಿಸುವಾಗ ಅಂಗಡಿಯವನೇ ಬಗ್ಗಿ ನೋಡಿಕೊಳ್ಳುತ್ತಾನೆ. ಆದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಾಲಾಗಿ ತೂಗುಹಾಕಿದ ಅಲಾಯ್ ವೀಲುಗಳಿಗೆ ಮರುಳಾಗಿ, ‘ಹದಿನೇಳು ಇಂಚಿನದೇ ಹಾಕಿಬಿಡಿ’ ಅನ್ನುವ ಮೊದಲು ಈ ಅಂಕಿಗಳ ಲೆಕ್ಕ ಗೊತ್ತಿದ್ದರೆ ಒಳ್ಳೆಯದು.

185 ಅಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಆ ಅಗಲದ ಶೇ 65ರಷ್ಟು ಪಕ್ಕೆಯ ಎತ್ತರ, ಅಂದರೆ ಸುಮಾರು 120 ಮಿ.ಮೀ. ಕೊನೆಯ 15 ರಿಮ್ಮಿನ ವ್ಯಾಸ; ಇದು ಮಾತ್ರ ಇಂಚಿನಲ್ಲಿ. (R ಅಂದರೆ ರೇಡಿಯಸ್ ಅಂದುಕೊಂಡವರಿದ್ದಾರೆ, ಅದು ರೇಡಿಯಲ್.) ಮೇಲಿನ ಪಕ್ಕೆ, ಕೆಳಗಿನ ಪಕ್ಕೆ, ನಡುವಿನ ರಿಮ್ಮು ಎಲ್ಲ ಕೂಡಿದರೆ ಚಕ್ರದ ಒಟ್ಟು ಎತ್ತರ 621 ಮಿ.ಮೀ. ಈಗ ಅದೇ ಕಾರಿಗೆ 205/45 R17 ಹಾಕಿಸಿದೆವು ಅನ್ನಿ. ಒಟ್ಟು ಎತ್ತರ 616 ಮಿ.ಮೀ. ಎರಡು ಇಂಚು ದೊಡ್ಡ ರಿಮ್ಮು ಹಾಕಿದರೂ ಚಕ್ರ ಒಂದಿಷ್ಟೂ ಎತ್ತರವಾಗಲಿಲ್ಲ. ಪಕ್ಕೆ ಮಾತ್ರ 120ರಿಂದ 92 ಮಿ.ಮೀ.ಗೆ ಇಳಿಯಿತು. ಕಬ್ಬಿಣವೋ ಅಲ್ಯೂಮಿನಿಯಮ್ಮೋ ಬೆಳೆದ ಜಾಗದಲ್ಲಿ ಮೊದಲು ಇದ್ದದ್ದು ಗಾಳಿ.

ಒಟ್ಟು ಎತ್ತರವನ್ನು ಹೀಗೆ ಕಾಪಾಡಿಕೊಳ್ಳುವುದಕ್ಕೆ ಕಾರಣವಿದೆ. ಕಾರಿನ ಸ್ಪೀಡೋಮೀಟರಿಗೆ ರಸ್ತೆ ಕಾಣಿಸುವುದಿಲ್ಲ, ಅದು ಎಣಿಸುವುದು ಸುತ್ತುಗಳನ್ನು. ಲೆಕ್ಕ ನೋಡದೆ 195/65 R16 ಹಾಕಿಸಿದರೆ ಚಕ್ರ 660 ಮಿ.ಮೀ. ಆಗಿ, ಪ್ರತಿ ಸುತ್ತಿಗೂ ಕಾರು ಶೇ 6ರಷ್ಟು ಹೆಚ್ಚು ದೂರ ಹೋಗುತ್ತದೆ. ಮೊದಲು ಮುಳ್ಳು 85 ತೋರಿಸುತ್ತಿದ್ದ ವೇಗದಲ್ಲಿ ಈಗ 80 ತೋರಿಸುತ್ತದೆ. ಓಡಿದ ಕಿಲೋಮೀಟರೂ ಕಡಿಮೆ ದಾಖಲಾಗುವುದರಿಂದ ಮೈಲೇಜು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಎಂಜಿನ್ನಿಗೆ ಎಲ್ಲ ಗೇರೂ ಅಷ್ಟಷ್ಟು ಭಾರ. ಸೆಕೆಂಡ್ ಗೇರಿನಲ್ಲಿ ಹೇಗೋ ಏರುತ್ತಿದ್ದ ಆಗುಂಬೆಯ ತಿರುವಿನಲ್ಲಿ ಫಸ್ಟಿಗೆ ಇಳಿಸಬೇಕಾದೀತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿನ ಒಳಗೆ ಉಜ್ಜುವ ಸದ್ದೂ ಕೇಳಬಹುದು.

ದೊಡ್ಡ ಚಕ್ರ ಗುಂಡಿಯನ್ನು ಸಲೀಸಾಗಿ ದಾಟುತ್ತದೆ ಎಂಬ ಮಾತು ಸುಳ್ಳಲ್ಲ. ಸ್ಪ್ರಿಂಗಿನ ಹಂಗಿಲ್ಲದ ಎತ್ತಿನ ಗಾಡಿಗೆ ಆಳೆತ್ತರದ ಚಕ್ರ ಇಡುತ್ತಿದ್ದುದಕ್ಕೆ ಅದೂ ಒಂದು ಕಾರಣ. ಆದರೆ ಆ ಲಾಭ ಬರುವುದು ಹೊರಗಿನ ವ್ಯಾಸದಿಂದ. ನಮ್ಮ ಹದಿನೇಳು ಇಂಚಿನ ರಿಮ್ಮಿನಲ್ಲಿ ಅದು ಹೆಚ್ಚಿಲ್ಲವಲ್ಲ.

ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿ ತುಂಬಿದ ಟೈರಿನ ಮೂಲ, ಮಗನ ಮೂರು ಗಾಲಿಯ ಸೈಕಲ್ಲಿನ ಕುಲುಕಾಟ ತಪ್ಪಿಸುವ ಪ್ರಯತ್ನ. ಟೈರು ಇಂದಿಗೂ ಮಾಡುವುದು ಅದೇ ಕೆಲಸ. ರಸ್ತೆಯಲ್ಲಿ ಮುಷ್ಟಿಗಾತ್ರದ ಕಲ್ಲು ಸಿಕ್ಕರೆ ರಬ್ಬರು ಅದರ ಸುತ್ತ ಮಡಿಚಿಕೊಂಡು ಬಹುಪಾಲು ಪೆಟ್ಟನ್ನು ತಾನೇ ನುಂಗುತ್ತದೆ. ಉಳಿದದ್ದು ಸ್ಪ್ರಿಂಗಿಗೂ ಶಾಕ್ ಅಬ್ಸಾರ್ಬರಿಗೂ ಹೋಗುತ್ತದೆ. ಹಳೆಯ ಅಂಬಾಸಿಡರಿನ ರಿಮ್ಮೂ 15 ಇಂಚಿನದೇ. ಆದರೆ ಅದರ ಟೈರಿನ ಪಕ್ಕೆ ಇಂದಿನದಕ್ಕಿಂತ ಎತ್ತರ, ಹೊರಗಿನ ವ್ಯಾಸವೂ ದೊಡ್ಡದು. ಆ ಕಾರು ಕೆಟ್ಟ ರಸ್ತೆಗೆ ಅಂಜದಿದ್ದುದರಲ್ಲಿ ಈ ಟೈರಿನ ಪಾಲೂ ಇದೆ.

ಪಕ್ಕೆ ಗಿಡ್ಡವಾದರೆ ಮಡಿಚಿಕೊಳ್ಳಲು ಜಾಗವಿಲ್ಲ. ಮಳೆನೀರು ತುಂಬಿದ ಗುಂಡಿಯ ಚೂಪು ಅಂಚಿಗೆ ಚಕ್ರ ಬಡಿದಾಗ, ರಿಮ್ಮಿನ ತುಟಿಗೂ ಡಾಂಬರಿನ ಅಂಚಿಗೂ ನಡುವೆ ಟೈರು ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ನೂಲಿನ ಎಳೆಗಳು ಹರಿಯುತ್ತವೆ. ಹೊರಗೆ ಗಾಯವೇನೂ ಕಾಣಿಸದೆ, ಆಮೇಲೆ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಏಳುತ್ತದೆ. ಈ ಉಬ್ಬಿಗೆ ಪ್ಯಾಚ್ ಇಲ್ಲ, ಟೈರನ್ನೇ ಎಸೆಯಬೇಕು. ಸ್ಟೀಲ್ ರಿಮ್ಮಾದರೆ ಸೊಟ್ಟಗಾಗುತ್ತದೆ, ಬಡಿದು ನೆಟ್ಟಗೆ ಮಾಡಿಕೊಡುವವರು ಊರೂರಿಗೂ ಇದ್ದಾರೆ. ಎರಕದ ಅಲಾಯ್ ಬಿರುಕು ಬಿಟ್ಟರೆ ಕಥೆ ಮುಗಿಯಿತು.

ಇನ್ನು ತೂಕ. ಅಲಾಯ್ ಹಗುರ ಎಂಬುದು ಎಲ್ಲರ ನಂಬಿಕೆ. ಅಲ್ಯೂಮಿನಿಯಮ್ಮಿನ ಸಾಂದ್ರತೆ ಉಕ್ಕಿನ ಮೂರನೇ ಒಂದು ಭಾಗ, ನಿಜ. ಆದರೆ ಎರಕವನ್ನು ದಪ್ಪಗೆ ಹೊಯ್ಯಬೇಕು, ಮೇಲೆ ಅಳತೆಯೂ ಏರಿದರೆ ಆ ಲಾಭ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಅಗ್ಗದ ದೊಡ್ಡ ಅಲಾಯ್ ಚಿಕ್ಕ ಸ್ಟೀಲ್ ರಿಮ್ಮಿಗಿಂತ ಭಾರವಾಗಿರುವುದುಂಟು. ಕೊಳ್ಳುವ ಮೊದಲು ತಕ್ಕಡಿಗೆ ಹಾಕಿಸಿ ನೋಡಿ, ಅಂಗಡಿಯವನು ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ. ಯಾಕೆಂದರೆ ಚಕ್ರದ ತೂಕ ಡಿಕ್ಕಿಯಲ್ಲಿಟ್ಟ ತೂಕದಂತಲ್ಲ. ಚಕ್ರ ಮುಂದಕ್ಕೂ ಹೋಗಬೇಕು, ತನ್ನ ಸುತ್ತಲೂ ತಿರುಗಬೇಕು. ಹಾಗಾಗಿ ವೇಗ ಹೆಚ್ಚಿಸುವಾಗ ಅದರ ಹೊರ ಅಂಚಿನ ಒಂದು ಕಿಲೋ ಡಿಕ್ಕಿಯ ಎರಡು ಕಿಲೋಗೆ ಸಮ. ದೊಡ್ಡ ರಿಮ್ಮು ಲೋಹವನ್ನು ಒಯ್ದು ಇಡುವುದೇ ಆ ಅಂಚಿನ ಹತ್ತಿರ. ಅದಲ್ಲದೆ ಚಕ್ರ ಇರುವುದು ಸ್ಪ್ರಿಂಗಿನ ಕೆಳಗೆ. ಹಂಪಿನ ಮೇಲೆ ನೆಗೆದ ಭಾರದ ಚಕ್ರವನ್ನು ಮತ್ತೆ ರಸ್ತೆಗೆ ಒತ್ತಿ ಹಿಡಿಯಲು ಶಾಕ್ ಅಬ್ಸಾರ್ಬರ್ ಹೆಚ್ಚು ಹೆಣಗಬೇಕು. ಆ ಹೆಣಗಾಟವೇ ಸೀಟಿನಲ್ಲಿ ಕುಳಿತವರ ಬೆನ್ನಿಗೆ ತಿಳಿಯುವುದು.

ಅಮೆರಿಕದ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ 2010ರಲ್ಲಿ ಒಂದೇ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿಗೆ 15ರಿಂದ 19 ಇಂಚಿನವರೆಗೆ ಐದು ಅಳತೆಯ ಚಕ್ರ ಹಾಕಿ ಓಡಿಸಿ ನೋಡಿತು. 15ರಿಂದ 19ಕ್ಕೆ ಹೋದಾಗ ಮೈಲೇಜು ಸುಮಾರು ಶೇ 10ರಷ್ಟು ಬಿತ್ತು. ನಿಂತಲ್ಲಿಂದ ಗಂಟೆಗೆ 97 ಕಿ.ಮೀ. ವೇಗ ಮುಟ್ಟಲು ಶೇ 4ರಷ್ಟು ಹೆಚ್ಚು ಹೊತ್ತು ಬೇಕಾಯಿತು. ತಿರುವಿನಲ್ಲಿ ಹಿಡಿತ ಮಾತ್ರ ಹೆಚ್ಚಿತು.

ಆ ಹಿಡಿತ ಸಣ್ಣ ಲಾಭವಲ್ಲ. ಗಿಡ್ಡ ಪಕ್ಕೆ ಅಡ್ಡಕ್ಕೆ ಬಾಗುವುದಿಲ್ಲ, ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಕಾರು ಕೇಳುತ್ತದೆ. ರಿಮ್ಮಿನೊಳಗೆ ದೊಡ್ಡ ಬ್ರೇಕ್ ಡಿಸ್ಕಿಗೂ ಜಾಗ ಸಿಗುತ್ತದೆ. ಫಾರ್ಮುಲಾ ಒನ್ ರೇಸಿನವರು ದಶಕಗಳ ಕಾಲ 13 ಇಂಚಿನ ರಿಮ್ಮಿಗೇ ಅಂಟಿಕೊಂಡಿದ್ದವರು, 2022ರಲ್ಲಷ್ಟೇ 18ಕ್ಕೆ ಬಂದರು. ಅವರ ಟ್ರ್ಯಾಕಿನಲ್ಲಿ ಗುಂಡಿಗಳಿಲ್ಲ.

ಹಾಕಿಸಲೇಬೇಕೆಂದಿದ್ದರೆ ಇನ್ನೊಂದು ಅಂಕಿಯನ್ನೂ ನೋಡಬೇಕು. R15 ಆದ ಮೇಲೆ 88 ಎಂದಿದ್ದರೆ ಆ ಟೈರು 560 ಕಿಲೋ ಹೊರಬಲ್ಲದು. 84 ಎಂದಿದ್ದರೆ 500 ಮಾತ್ರ. ಗಾಳಿಯ ಗಾತ್ರ ಕುಗ್ಗಿದಷ್ಟೂ ಈ ಅಂಕಿ ಇಳಿಯುವ ಸಂಭವ ಹೆಚ್ಚು, ಮದುವೆಗೆಂದು ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಹೊರಟಾಗ ಅದರ ಬೆಲೆ ಗೊತ್ತಾಗುತ್ತದೆ. ನಿಮ್ಮದೇ ಮಾಡೆಲಿನ ದುಬಾರಿ ವೇರಿಯಂಟಿಗೆ ಕಂಪನಿಯವರು ಯಾವ ಅಳತೆ ಕೊಟ್ಟಿದ್ದಾರೋ ಅದನ್ನು ಹಾಕಿಸುವುದಕ್ಕೆ ಅಂಜಬೇಕಿಲ್ಲ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಸಾಮಾನ್ಯವಾಗಿ ಆ ಅಳತೆಗಳೂ, ಎಷ್ಟು ಗಾಳಿ ಹಾಕಿಸಬೇಕೆಂಬುದೂ ಇರುತ್ತದೆ.