ಕಾರು ಸೆಲ್ಫ್ ತಗೋತಿಲ್ವಾ? ಮನೆಯಲ್ಲೇ ಸ್ಟಾರ್ಟರ್ ಮೋಟಾರ್ ಬದಲಿಸುವ ಮುನ್ನ ಇದನ್ನು ಓದಿ

ಬೆಳಗ್ಗೆ ಆಫೀಸಿಗೆ ಹೊರಟು ಕೀ ತಿರುಗಿಸಿದರೆ 'ಟಕ್' ಎಂಬ ಒಂದೇ ಸದ್ದು. ಡ್ಯಾಶ್‌ಬೋರ್ಡ್ ದೀಪಗಳು ಉರಿಯುತ್ತಿವೆ, ಎಂಜಿನ್ ಮಾತ್ರ ಅಲುಗಾಡುತ್ತಿಲ್ಲ. ಫೋನ್‌ನಲ್ಲಿ ವಿಷಯ ಹೇಳಿದರೆ ಬರುವ ಉತ್ತರ, 'ಸೆಲ್ಫ್ ಮೋಟಾರ್ ಹೋಗಿರಬೇಕು ಸರ್'. ಹೊಸ ಮೋಟಾರ್ ತರಿಸಿ, ಭಾನುವಾರ ಪಾರ್ಕಿಂಗ್‌ನಲ್ಲಿ ನಾವೇ ಹಾಕಿಬಿಟ್ಟರೆ ಹೇಗೆ ಎಂಬ ಯೋಚನೆ ಸಹಜ.

ಹಲವು ಸಣ್ಣ ಕಾರುಗಳಲ್ಲಿ ಇದು ಸಾಧ್ಯವಿರುವ ಕೆಲಸವೇ. ಆದರೆ ಹೊಸಬರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಒಂದು, ಚೆನ್ನಾಗಿರುವ ಮೋಟಾರನ್ನೇ ಬದಲಿಸುವುದು. ಇನ್ನೊಂದು, ಬ್ಯಾಟರಿ ಸಂಪರ್ಕ ತೆಗೆಯದೆ ಸ್ಪ್ಯಾನರ್ ಹಾಕುವುದು. ಮೊದಲನೆಯದರಿಂದ ಜೇಬು ಖಾಲಿ, ಎರಡನೆಯದರಿಂದ ಕೈ ಸುಡುತ್ತದೆ.

ಈ ಮೋಟಾರ್ ಮಾಡುವ ಕೆಲಸವೇನು?

ಹಿಂದೆ ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕಿತ್ತು. ಹ್ಯಾಂಡಲ್ ಹಿಮ್ಮುಖವಾಗಿ ಒದ್ದು ಕೈ ಮುರಿದುಕೊಂಡವರೂ ಇದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕಷ್ಟ ತಪ್ಪುತ್ತಾ ಬಂತು.

ಕೀ ತಿರುಗಿಸಿದಾಗ ಸಣ್ಣ ತಂತಿಯೊಂದರ ಮೂಲಕ ಮೋಟಾರ್ ಮೇಲಿನ ಸೊಲೆನಾಯ್ಡ್‌ಗೆ ವಿದ್ಯುತ್ ಹೋಗುತ್ತದೆ. ಅದು ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು ಮುಂದೆ ತಳ್ಳಿ ಎಂಜಿನ್‌ನ ಫ್ಲೈವೀಲ್‌ಗೆ ಜೋಡಿಸುತ್ತದೆ. ಜತೆಗೇ ಬ್ಯಾಟರಿಯ ದಪ್ಪ ಕೇಬಲ್‌ನಿಂದ ಮೋಟಾರ್‌ಗೆ ಕರೆಂಟ್ ಹರಿಸುತ್ತದೆ. ಈ ಸರಪಳಿಯಲ್ಲಿ ಯಾವ ಕೊಂಡಿ ಕೆಟ್ಟರೂ ಕಾರು ಸ್ಟಾರ್ಟ್ ಆಗದು.

ಮೊದಲು ಬ್ಯಾಟರಿ ನೋಡಿ

ಸದ್ದೇ ಅರ್ಧ ಸುಳಿವು ಕೊಡುತ್ತದೆ. 'ಟಕಟಕಟಕ' ಎಂದು ಬಡಿದುಕೊಂಡರೆ ಬ್ಯಾಟರಿ ಇಳಿದಿರುವ ಸಾಧ್ಯತೆ ಹೆಚ್ಚು. ಮೋಟಾರ್ ಗಿರ್ರೆಂದು ತಿರುಗಿದರೂ ಎಂಜಿನ್ ತಿರುಗದಿದ್ದರೆ ಪಿನಿಯನ್ ಕಚ್ಚಿಕೊಳ್ಳುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್ ನೋಡಬೇಕು.

ಮಲ್ಟಿಮೀಟರ್ ಇದ್ದರೆ ಅನುಮಾನ ಬೇಗ ಬಗೆಹರಿಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ರ ಆಸುಪಾಸಿನಲ್ಲಿದ್ದರೆ ಮೊದಲು ಚಾರ್ಜ್ ಮಾಡಿಸಿ. ಟರ್ಮಿನಲ್‌ಗಳಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಉಜ್ಜಿ ತೆಗೆದು ಬಿಗಿ ಮಾಡಿ. ಬೇರೆ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡಿದಾಗ ಎಂಜಿನ್ ಸಲೀಸಾಗಿ ತಿರುಗಿತೇ? ಹಾಗಾದರೆ ಬಹುತೇಕ ಮೋಟಾರ್ ಸರಿಯಿದೆ ಎಂದರ್ಥ.

ಬ್ಯಾಟರಿ, ಕೇಬಲ್ ಎರಡೂ ಸರಿಯಿದ್ದರೆ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಮನೆಯವರೊಬ್ಬರು ಕೀ ತಿರುಗಿಸಲಿ. ನೀವು ಬೆಲ್ಟ್, ಫ್ಯಾನ್‌ನಿಂದ ಕೈ ದೂರವಿಟ್ಟು ಸೊಲೆನಾಯ್ಡ್‌ನ ಸಣ್ಣ ತಂತಿಯಲ್ಲಿ ವೋಲ್ಟೇಜ್ ನೋಡಿ. ಅಲ್ಲಿಗೆ ವಿದ್ಯುತ್ ಬಂದರೂ ಮೋಟಾರ್ ತಿರುಗದಿದ್ದರೆ ದೋಷ ಅದರಲ್ಲೇ ಇದೆ ಎನ್ನಬಹುದು.

ಮೈನಸ್ ಮೊದಲು, ಯಾಕೆ?

ಬ್ಯಾಟರಿಯ ಪ್ಲಸ್‌ನಿಂದ ಸ್ಟಾರ್ಟರ್‌ಗೆ ಹೋಗುವ ದಪ್ಪ ಕೇಬಲ್‌ನಲ್ಲಿ, ಕೀ ತೆಗೆದಿದ್ದರೂ, ಸದಾ ವಿದ್ಯುತ್ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಅದಕ್ಕೆ ಫ್ಯೂಸ್ ಕೂಡ ಇರುವುದಿಲ್ಲ. ಇನ್ನು ಕಾರಿನ ಇಡೀ ಬಾಡಿಯೇ ಮೈನಸ್. ಪ್ಲಸ್ ನಟ್ ಬಿಚ್ಚುವಾಗ ಸ್ಪ್ಯಾನರ್‌ನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ನೂರಾರು ಆಂಪಿಯರ್ ಹರಿದು ಕಿಡಿ ಹಾರುತ್ತದೆ, ಸ್ಪ್ಯಾನರ್ ಕಾದು ಕೆಂಪಾಗುತ್ತದೆ. ಅದಕ್ಕೇ ಮೈನಸ್ ಟರ್ಮಿನಲ್ ಮೊದಲು ಬಿಚ್ಚಿ ಬಟ್ಟೆ ಸುತ್ತಿ ದೂರವಿಡಬೇಕು, ಕೊನೆಯಲ್ಲಿ ಜೋಡಿಸಬೇಕು. ಉಂಗುರ, ಲೋಹದ ವಾಚ್ ತೆಗೆದಿಡಿ.

ಬದಲಿಸುವ ಹಂತಗಳು

1. ಎಂಜಿನ್ ತಣ್ಣಗಾಗಲಿ. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಗೇರ್ ನ್ಯೂಟ್ರಲ್ ಅಥವಾ ಪಾರ್ಕ್, ಚಕ್ರಗಳಿಗೆ ಅಡ್ಡ ಇಟ್ಟಿರಲಿ.

2. ಮೈನಸ್ ಬಿಚ್ಚಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಸ್ಟಾರ್ಟರ್ ಇರುತ್ತದೆ. ತಂತಿಗಳ ಫೋಟೊ ತೆಗೆದುಕೊಂಡು ನಂತರ ಬಿಚ್ಚಿ.

3. ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ಮೂರು ಬೋಲ್ಟ್ ಇರುತ್ತವೆ. ಮೇಲಿನದಕ್ಕೆ ಉದ್ದ ಎಕ್ಸ್‌ಟೆನ್ಷನ್ ಬೇಕಾಗಬಹುದು. ಕೊನೆಯ ಬೋಲ್ಟ್ ಬಿಚ್ಚುವಾಗ ಒಂದು ಕೈ ಮೋಟಾರ್ ಹಿಡಿದಿರಲಿ, ಕೆಲವು ಕಿಲೋ ಭಾರವಿದೆ.

4. ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ಪಿನಿಯನ್ ಹಲ್ಲು, ಬೋಲ್ಟ್ ರಂಧ್ರ ಹೋಲಿಸಿ. ಟಾರ್ಚ್ ಬಿಟ್ಟು ಫ್ಲೈವೀಲ್ ಹಲ್ಲುಗಳು ಸವೆದಿವೆಯೇ ನೋಡಿ. ಅವು ಮುರಿದಿದ್ದರೆ ಹೊಸ ಮೋಟಾರ್ ಹಾಕಿಯೂ ಪ್ರಯೋಜನವಿಲ್ಲ.

5. ಮೋಟಾರ್ ಕೂರುವ ಜಾಗ ಒರೆಸಿ, ಏಕೆಂದರೆ ಅದಕ್ಕೆ ಅರ್ತ್ ಸಿಗುವುದು ಅಲ್ಲಿಂದಲೇ. ಬೋಲ್ಟ್‌ಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ನಂತರ ಬಿಗಿ ಮಾಡಿ. ತಾಮ್ರದ ಸ್ಟಡ್ ಮೇಲಿನ ನಟ್‌ಗೆ ಅತಿ ಬಲ ಬೇಡ. ರಬ್ಬರ್ ಟೋಪಿ, ಶಾಖ ತಡೆಯುವ ತಗಡು ಇದ್ದರೆ ಮರಳಿ ಹಾಕಿ.

6. ಕೊನೆಗೆ ಮೈನಸ್ ಜೋಡಿಸಿ ಸ್ಟಾರ್ಟ್ ಮಾಡಿ. ಒಂದು ಸಲಕ್ಕೆ 10 ಸೆಕೆಂಡ್‌ಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ.

ಇಲ್ಲಿ ಕೈಹಾಕಬೇಡಿ

ಕಾರಿನ ಕೆಳಗೆ ನುಗ್ಗಲೇಬೇಕಾದರೆ ಜಾಕ್ ಸ್ಟ್ಯಾಂಡ್ ಕಡ್ಡಾಯ. ಡಿಕ್ಕಿಯಲ್ಲಿರುವ ಜಾಕ್ ಟೈರ್ ಬದಲಿಸಲು ಮಾತ್ರ. ಅದನ್ನಾಗಲಿ ಇಟ್ಟಿಗೆಯನ್ನಾಗಲಿ ನಂಬಿ ಕೆಳಗೆ ಮಲಗುವುದು ಪ್ರಾಣಕ್ಕೇ ಅಪಾಯ. ಹೈಬ್ರಿಡ್ ಮತ್ತು ಸ್ಟಾರ್ಟ್-ಸ್ಟಾಪ್ ಇರುವ ಕಾರು, ವಾರಂಟಿಯಲ್ಲಿರುವ ಕಾರು, ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚದೆ ಮೋಟಾರ್ ಕೈಗೆ ಸಿಗದ ಕಾರು ಸರ್ವಿಸ್ ಸೆಂಟರ್‌ಗೇ ಹೋಗಲಿ. ಬೋಲ್ಟ್ ತುಕ್ಕು ಹಿಡಿದು ಜಗ್ಗದಿದ್ದರೂ ಅಲ್ಲಿಗೇ ನಿಲ್ಲಿಸಿ.

ಮುಂಬೈ, ಚೆನ್ನೈನಂಥ ಊರುಗಳಲ್ಲಿ ಮಳೆನೀರಿನಲ್ಲಿ ನಿಂತ ಕಾರುಗಳಿಗೆ ಈ ತೊಂದರೆ ಬರುವುದುಂಟು, ಮೋಟಾರ್ ಅನೇಕ ಕಾರುಗಳಲ್ಲಿ ತಗ್ಗಿನಲ್ಲೇ ಇರುತ್ತದೆ. ಆದರೆ ಮುಳುಗಿದ ಕಾರಿನ ಎಂಜಿನ್ ಒಳಗೂ ನೀರು ಹೋಗಿರಬಹುದು. ಆಗ ಸೆಲ್ಫ್ ಹೊಡೆದರೆ ಎಂಜಿನ್ನೇ ಹಾಳಾದೀತು, ಟೋ ಮಾಡಿಸಿ.

ಬಿಚ್ಚಿದ ಹಳೆ ಮೋಟಾರನ್ನು ಗುಜರಿಗೆ ಹಾಕಲು ಅವಸರ ಬೇಡ. ಎಷ್ಟೋ ಸಲ ಸವೆದಿರುವುದು ಕಾರ್ಬನ್ ಬ್ರಷ್ ಅಥವಾ ಬುಷ್ ಮಾತ್ರ. ಹತ್ತಿರದ ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಅದನ್ನು ಬದಲಿಸಿಕೊಡುತ್ತಾರೆ. ಹೊಸ ಮೋಟಾರ್ ಕೊಳ್ಳುವ ಮೊದಲೇ ತೋರಿಸಿದರೆ ಆ ಖರ್ಚೂ ಉಳಿಯಬಹುದು.