ನಿಮಗಿದು ಗೊತ್ತೆ? ಪೈಲ್ವಾನನಾಗಲು ಹೊರಟವರು ಭಾರ ಎತ್ತಿದರು!

ಕುಂದಾಪುರ ತಾಲ್ಲೂಕಿನ ವಂಡ್ಸೆಯ ಗುರುರಾಜ ಪೂಜಾರಿಗೆ ಮೊದಲು ಹಿಡಿದದ್ದು ಕುಸ್ತಿಯ ಹುಚ್ಚು. 2008ರ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ಸುಶೀಲ್ ಕುಮಾರ್ ಕಂಚು ಗೆದ್ದದ್ದೇ ಅದಕ್ಕೆ ಕಾರಣ. ತಂದೆ ವಾಹನ ಚಾಲಕ, ಮನೆಯಲ್ಲಿ ಬಡತನ. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಸೇರಿದಾಗ ತರಬೇತುದಾರರು ಈ ಹುಡುಗನನ್ನು ವೇಟ್‌ಲಿಫ್ಟಿಂಗ್‌ಗೆ ಎಳೆದರು. ಮುಂದೆ ವಾಯುಪಡೆಯ ಕೆಲಸ, 2016ರಲ್ಲಿ ಕಾಮನ್‌ವೆಲ್ತ್ ಚಾಂಪಿಯನ್ ಪಟ್ಟ.

2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟ, 56 ಕೆ.ಜಿ. ವಿಭಾಗ. ಭಾರವನ್ನು ಮೊದಲು ಭುಜಕ್ಕೆ, ಬಳಿಕ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್ ಸುತ್ತಿನಲ್ಲಿ ಎರಡು ಯತ್ನ ವಿಫಲ. ಉಳಿದದ್ದು ಒಂದೇ. ಆಗ ಎತ್ತಿದರು 138 ಕೆ.ಜಿ., ತಮ್ಮ ತೂಕದ ಸುಮಾರು ಎರಡೂವರೆ ಪಟ್ಟು! ಮೊದಲ ಸುತ್ತಿನದೂ ಸೇರಿ ಒಟ್ಟು 249 ಕೆ.ಜಿ., ಬೆಳ್ಳಿ. ಆ ಕೂಟದಲ್ಲಿ ಭಾರತದ ಮೊದಲ ಪದಕವೇ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು.

ದೈಹಿಕ ಶಿಕ್ಷಕರೇ, ನಿಮ್ಮ ಮಕ್ಕಳಿಗೂ ಈ ಕಥೆ ಹೇಳಿ.